ಅಕ್ಕನ ಓದು, ತಂಗಿಯ ಅಕ್ಷರ

ಮುಂಬಯಿಯಿಂದ ಚೆನ್ನೈ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ವಾಡಿ ಎಂಬ ಜಂಕ್ಷನ್ ಒಂದಿರುವುದನ್ನು ನಮ್ಮ ಶ್ರೋತೃಗಳಲ್ಲಿ ಅನೇಕರು ಬಲ್ಲರು. ಬಲ್ಲರು ಎಂದರೆ, ರಾತ್ರಿಯ ಪ್ರಯಾಣದಲ್ಲಿ ಒಮ್ಮೆ ಕಣ್ಣು ತೆರೆದು, ಆ ಹೆಸರಿನ ಹಲಗೆಯನ್ನು ಕಂಡು, ಮತ್ತೆ ಹೊದಿಕೆಯನ್ನು ಎಳೆದುಕೊಂಡಿರುವರು. 1874ರಲ್ಲಿ ನಿಜಾಮರ ರೈಲುಮಾರ್ಗವು ಸಿಕಂದರಾಬಾದಿನಿಂದ ಬಂದು ಇಲ್ಲಿ ದೊಡ್ಡ ಮಾರ್ಗವನ್ನು ಕೂಡಿಕೊಂಡಿತು. ಅಂದಿನಿಂದ ಈ ಊರಿಗೆ ಜಂಕ್ಷನ್ ಎಂಬ ಹೆಸರು ಅಂಟಿಕೊಂಡಿದೆ. ನಿಲ್ದಾಣದಿಂದ ತುಸು ಆಚೆಗೆ ಹೋದರೆ ಸಿಮೆಂಟಿನ ಕಾರ್ಖಾನೆ. ಅದನ್ನು ದಾಟಿದರೆ ಶಹಾಬಾದಿನ ಕಡೆಗೆ ಫರಸಿ ಕಲ್ಲಿನ ಗಣಿಗಳು. ಅವನ್ನೂ ದಾಟಿದರೆ ಚಿತ್ತಾಪುರ, ಸೇಡಂ, ಚಿಂಚೋಳಿಗಳವರೆಗೆ ಕಣ್ಣು ಹಾಯುವಷ್ಟು ದೂರ ಎರೆಯ ಭೂಮಿ, ಅದರ ಮೇಲೆ ತೊಗರಿ. ನಮ್ಮ ಮನೆಯ ನೆಲಕ್ಕೆ ಹಾಸಿರುವ ಕಲ್ಲು, ಗೋಡೆಯ ಸಿಮೆಂಟು, ಎಲೆಯ ಮೇಲಿನ ಹುಳಿಯೊಳಗಿನ ಬೇಳೆ, ಈ ಮೂರೂ ಆ ಸೀಮೆಯಿಂದಲೇ ಬಂದಿರುವ ಸಂಭವವುಂಟು. ಅಲ್ಲಿಯ ಮಕ್ಕಳ ಸಮಾಚಾರ ಮಾತ್ರ ನಮ್ಮಲ್ಲಿಗೆ ಅಷ್ಟು ಸುಲಭವಾಗಿ ಬರುವುದಿಲ್ಲ.

ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು, ಈ ನಾಡಿನ ಜನ ಪಟ್ಟಾಗಿ ಕುಳಿತು ಓದದೆಯೇ ಕಾವ್ಯವನ್ನು ಬಲ್ಲವರೆಂದು ಹೊಗಳಿದ್ದನ್ನು ನಾವು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಹೇಳಬೇಕಾದದ್ದೇ. ಆದರೆ ಓದದೆ ಬಲ್ಲವರು ಎಂಬ ಹೊಗಳಿಕೆಯ ಆಶ್ರಯದಲ್ಲಿ ಓದು ಬಾರದವರನ್ನು ಮರೆತುಬಿಡುವುದು ಬೇರೆಯ ಮಾತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಕ್ಷರಸ್ಥರು ನೂರಕ್ಕೆ 75ಕ್ಕಿಂತ ತುಸು ಹೆಚ್ಚು. ಕಲಬುರಗಿ ಜಿಲ್ಲೆಯಲ್ಲಿ 65ಕ್ಕಿಂತ ತುಸು ಕಡಮೆ. ಅಲ್ಲಿಯ ಹೆಂಗಸರನ್ನು ಮಾತ್ರ ಎಣಿಸಿದರೆ 55. 2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ನೂರಕ್ಕೆ 91 ಮಂದಿ ತೇರ್ಗಡೆಯಾದರೆ ಕಲಬುರಗಿಯಲ್ಲಿ 42 ಮಂದಿ ಮಾತ್ರ ತೇರ್ಗಡೆಯಾದರು. ರಾಜ್ಯದ ಪಟ್ಟಿಯಲ್ಲಿ ಅದೇ ಕಟ್ಟಕಡೆಯ ಸ್ಥಾನ.

ಇದಕ್ಕೆ ಚರಿತ್ರೆಯ ಕಾರಣಗಳು ಇಲ್ಲದೆ ಇಲ್ಲ. 1948ರ ಸೆಪ್ಟೆಂಬರಿನವರೆಗೆ ಈ ಸೀಮೆಯು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಸರ್ಕಾರದ ಮೇಲುತರಗತಿಯ ಶಿಕ್ಷಣವೆಲ್ಲ ಉರ್ದುವಿನಲ್ಲಿ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವೂ ಉರ್ದುವಿನಲ್ಲಿಯೇ ಪಾಠ ಹೇಳಿತು. ಕನ್ನಡದ ಮನೆಯ ಮಗುವಿಗೆ ಶಾಲೆಯೆಂಬುದು ದೂರದ ವಸ್ತುವಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. 1956ರಲ್ಲಿ ಕನ್ನಡ ನಾಡು ಒಂದಾದ ಮೇಲೂ ಅಂತರ ಬೇಗ ತುಂಬಲಿಲ್ಲ. 2002ರಲ್ಲಿ ನಂಜುಂಡಪ್ಪನವರ ಸಮಿತಿಯು ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಇದ್ದುವು. ಸಂವಿಧಾನದ 371ನೆಯ ಅನುಚ್ಛೇದಕ್ಕೆ 'ಜೆ' ಎಂಬ ಭಾಗ ಸೇರಿ, 2013ರಿಂದ ಈ ಭಾಗದವರಿಗೆ ಕಾಲೇಜುಗಳಲ್ಲಿಯೂ ಉದ್ಯೋಗಗಳಲ್ಲಿಯೂ ಮೀಸಲು ಸ್ಥಾನಗಳು ದೊರೆತುವು. ಅದರಿಂದ ಉಪಕಾರವಾಗಿದೆ. ಆದರೆ ಮೀಸಲು ಸ್ಥಾನವಿರುವುದು ಮಹಡಿಯ ಮೇಲೆ. ಎಂಟನೆಯ ತರಗತಿಯಲ್ಲಿ ಶಾಲೆ ಬಿಟ್ಟವಳಿಗೆ ಏಣಿಯೇ ಇಲ್ಲ.

ಆ ಎಂಟನೆಯ ತರಗತಿಯವಳ ವಿಷಯವನ್ನೇ ನಾವು ಈ ದಿನ ಹೇಳಬೇಕೆಂದಿದ್ದೇವೆ.

ಈ ಸೀಮೆಯ ಒಂದು ಕೂಲಿಯ ಮನೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಬೆಳಗಾಗುತ್ತಲೇ ತಂದೆತಾಯಿಗಳು ಹೊಲಕ್ಕೋ ಗಣಿಗೋ ಹೊರಡುವರು. ಮನೆಯಲ್ಲಿ ಉಳಿಯುವವಳು ಹದಿಮೂರು ಹದಿನಾಲ್ಕು ವರ್ಷದ ಹುಡುಗಿ. ಅವಳ ಕೈಕೆಳಗೆ ಇಬ್ಬರೋ ಮೂವರೋ ಚಿಕ್ಕವರು. ರೊಟ್ಟಿ ಬಡಿಯುವವಳು, ನೀರು ತರುವವಳು, ಕೂಸನ್ನು ಕಂಕುಳಲ್ಲಿ ಹೊತ್ತು ತಿರುಗುವವಳು ಅವಳೇ. ಬಿತ್ತನೆ ಜೂನ್ ಜುಲೈ ತಿಂಗಳಲ್ಲಿ, ಎಂದರೆ ಶಾಲೆ ಆಗತಾನೆ ತೆರೆದಿರುವ ಕಾಲದಲ್ಲಿ. ತೊಗರಿಯ ಕೊಯ್ಲೂ ರಾಶಿಯೂ ಡಿಸೆಂಬರ್ ಜನವರಿಯಲ್ಲಿ, ಎಂದರೆ ಪರೀಕ್ಷೆಯ ಸಿದ್ಧತೆ ಆಗಬೇಕಾದ ಕಾಲದಲ್ಲಿ. ರಾಶಿ ಮುಗಿದ ಮೇಲೆ ಹೊಲದಲ್ಲಿ ಕೆಲಸವಿಲ್ಲ. ಅನೇಕ ಸಂಸಾರಗಳು ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಗುಳೆ ಹೋಗುವುವು. ಕೃಷಿಯ ಪಂಚಾಂಗವೂ ಶಾಲೆಯ ಪಂಚಾಂಗವೂ ಹೀಗೆ ಒಂದರ ಕಾಲನ್ನು ಒಂದು ತುಳಿಯುತ್ತಿರುವಾಗ ಬಿದ್ದುಹೋಗುವುದು ಹುಡುಗಿಯ ಹಾಜರಿ. ಮೊದಲು ವಾರಕ್ಕೆರಡು ದಿನ, ಆಮೇಲೆ ತಿಂಗಳಿಗೊಂದು ವಾರ, ಕಡೆಗೆ ಒಂದು ದಿನ ನೆರೆಯವರು 'ಸಾಲಿ ಬಿಟ್ಟಾಳ' ಎಂದು ಹೇಳುವರು. ಇಂಥ ದಿನ ಬಿಟ್ಟಳೆಂದು ತೋರಿಸಲು ಯಾರಿಂದಲೂ ಆಗದು. ಶಾಲೆ ಬಿಟ್ಟ ಹುಡುಗಿಗೆ ಮನೆಯವರು ಬೇಗನೆ ಗಂಡು ನೋಡಲಾರಂಭಿಸುವರು. ಹದಿನೆಂಟು ತುಂಬದೆ ಮದುವೆ ಕೂಡದೆಂಬ ಕಾನೂನು ಇದ್ದರೂ, ಅವಳನ್ನು ನಿಜವಾಗಿ ಕಾಪಾಡುತ್ತಿದ್ದುದು ಆ ಕಾನೂನಿಗಿಂತ ಹೆಚ್ಚಾಗಿ ಹಾಜರಿಪುಸ್ತಕದಲ್ಲಿದ್ದ ಅವಳ ಹೆಸರು.

ಹುಡುಗನ ಪಾಡು ಬೇರೆ ಬಗೆಯದು. ಅವನನ್ನು ಗಣಿಯ ಕೂಲಿ ಕರೆಯುತ್ತದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾನೂನು ಹದಿನೆಂಟರ ಒಳಗಿನವರನ್ನು ಗಣಿಯ ಕೆಲಸಕ್ಕೆ ಹಚ್ಚಬಾರದೆಂದು ಹೇಳುತ್ತದೆ. ಉಚಿತ ಮತ್ತು ಕಡ್ಡಾಯ ಶಿಕ್ಷಣದ ಕಾನೂನಾದರೋ ಆರರಿಂದ ಹದಿನಾಲ್ಕರವರೆಗಿನವರನ್ನು ಮಾತ್ರ ಹಿಡಿಯುತ್ತದೆ. ಹದಿನಾಲ್ಕಕ್ಕೂ ಹದಿನೆಂಟಕ್ಕೂ ನಡುವಿನ ನಾಲ್ಕು ವರ್ಷ ಇವನು ಎಲ್ಲಿರಬೇಕು? ಶಾಲೆಯಲ್ಲಿ ಇರಲೇಬೇಕೆಂಬ ಕಟ್ಟಿಲ್ಲ, ಗಣಿಯಲ್ಲಿ ಇರಕೂಡದು. ಬಡವನ ಮಗನು ಆ ನಾಲ್ಕು ವರ್ಷಗಳನ್ನು ಅಗಸಿಯ ಕಟ್ಟೆಯ ಮೇಲೆ ಕಳೆಯಲಾರನು.

ಇನ್ನು ಚಿಕ್ಕವರು. ನಮ್ಮ ಲಿಪಿಯ ಸ್ವಭಾವವನ್ನು ಇಲ್ಲಿ ಸ್ವಲ್ಪ ಜ್ಞಾಪಿಸಿಕೊಳ್ಳಬೇಕು. ಇಂಗ್ಲಿಷಿನ ಮಗು 26 ಅಕ್ಷರಗಳ ಆಕಾರವನ್ನು ಕಲಿತರೆ ಆಕಾರಗಳ ಕೆಲಸ ಮುಗಿಯಿತು. ಉಚ್ಚಾರಣೆಯ ಕಷ್ಟ ಆಮೇಲಿನದು. ಕನ್ನಡದ ಮಗು ಮೂಲಾಕ್ಷರಗಳನ್ನು ಕಲಿತಾಗ ಕೆಲಸ ಪ್ರಾರಂಭವಾಗುತ್ತದೆ. 34 ವ್ಯಂಜನಗಳಿಗೆ ಕಾಗುಣಿತ ಹತ್ತಿದರೆ ನಾನೂರಕ್ಕೆ ಮಿಕ್ಕ ರೂಪಗಳಾಗುವುವು. ಅದರ ಮೇಲೆ ಒತ್ತಕ್ಷರಗಳು. ಸೋನಾಲಿ ನಾಗ್ ಎಂಬ ವಿದುಷಿಯು ಕನ್ನಡದ ಮಕ್ಕಳ ಓದನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಈ ಅಕ್ಷರರಾಶಿಯನ್ನು ಮಕ್ಕಳು ಕೈವಶ ಮಾಡಿಕೊಳ್ಳುವ ಕಾರ್ಯವು ನಿಧಾನವಾದದ್ದೆಂದೂ, ನಾಲ್ಕನೆಯ ತರಗತಿಯವರೆಗೂ ನಡೆಯುತ್ತಿರುವುದೆಂದೂ ತೋರಿಸಿದ್ದಾರೆ. ಇದು ನಮ್ಮ ಲಿಪಿಯ ದೋಷವಲ್ಲ. ಒಮ್ಮೆ ಕೈವಶವಾದರೆ ಬರೆದಂತೆ ಓದಬಹುದಾದ ಲಿಪಿ ಇದು. ಆದರೆ ಅಷ್ಟು ಕಾಲದ ಅಭ್ಯಾಸಕ್ಕೆ ಶಾಲೆಯ ಹೊತ್ತು ಸಾಲದು. ನಮ್ಮ ಪಟ್ಟಣದ ಮಗುವು ಅಂಗಡಿಯ ಹಲಗೆಯನ್ನು ಓದುತ್ತ, ಬಿಸ್ಕತ್ತಿನ ಪೊಟ್ಟಣವನ್ನು ಓದುತ್ತ, ಅಜ್ಜಿಯ ಪಕ್ಕದಲ್ಲಿ ಕುಳಿತು ಪತ್ರಿಕೆಯ ಶೀರ್ಷಿಕೆಯನ್ನು ಓದುತ್ತ ತನಗೆ ತಿಳಿಯದೆಯೇ ಆ ಅಭ್ಯಾಸವನ್ನು ಪೂರೈಸಿಕೊಳ್ಳುತ್ತದೆ. ಅಚ್ಚಾದ ಕಾಗದವೇ ಒಳಗೆ ಬಾರದ ಮನೆಯ ಮಗುವಿಗೆ ಶಾಲೆಯ ಗಂಟೆ ಹೊಡೆದೊಡನೆ ಅಕ್ಷರದ ಲೋಕ ಮುಚ್ಚಿಕೊಳ್ಳುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಅರ್ಧಕ್ಕಿಂತ ಕಡಮೆಯೆಂದು 'ಅಸರ್' ಎಂಬ ಹೆಸರಿನ ಸಮೀಕ್ಷೆಗಳು ಹೇಳುತ್ತ ಬಂದಿರುವುದಕ್ಕೆ ಇದೂ ಒಂದು ಕಾರಣ.

ಈ ಸೀಮೆಯಲ್ಲಿ ಮತ್ತೊಂದು ತೊಡಕುಂಟು. ಚಿಂಚೋಳಿಯ ಗುಡ್ಡಗಳ ತಾಂಡಾಗಳಲ್ಲಿ ಮನೆಯ ಮಾತು ಲಂಬಾಣಿ. ಸೇಡಂ ಚಿಂಚೋಳಿಗಳ ಗಡಿಯೂರುಗಳಲ್ಲಿ ತೆಲುಗು. ವಾಡಿ ಶಹಾಬಾದುಗಳ ಓಣಿಗಳಲ್ಲಿ ಉರ್ದು. ಐದಾರು ವರ್ಷದ ಲಂಬಾಣಿ ಮಗು ಕನ್ನಡ ಶಾಲೆಗೆ ಬಂದು ಕುಳಿತಾಗ ಉಪಾಧ್ಯಾಯರು 'ಮರ' ಎಂದು ಹಲಗೆಯ ಮೇಲೆ ಬರೆದರೆ, ಅದು ಎರಡು ಗೆರೆಗಳ ಗುರುತನ್ನು ಮಾತ್ರವಲ್ಲ, ಆ ಗುರುತು ಸೂಚಿಸುವ ಮಾತನ್ನೂ ಹೊಸದಾಗಿ ಕಲಿಯಬೇಕು. ಉಪಾಧ್ಯಾಯರಿಗೆ ಲಂಬಾಣಿ ಬಾರದು. ಆ ಮಗುವಿನ ಅಕ್ಕನಿಗೆ ಎರಡೂ ಬರುತ್ತದೆ! ಸರ್ಕಾರವು ಸಂಬಳ ಕೊಟ್ಟು ಹುಡುಕಿದರೂ ಸಿಕ್ಕದ ದುಭಾಷಿಯೊಬ್ಬಳು ಆ ಮನೆಯಲ್ಲಿಯೇ ಕೂಸನ್ನು ಹೊತ್ತು ನಿಂತಿದ್ದಾಳೆ.

ನಾವು ಪಟ್ಟಣದವರು ಇವೆರಡನ್ನೂ ಎರಡು ಸಮಸ್ಯೆಗಳೆಂದು ಎಣಿಸಿ ಎರಡು ಕಡತಗಳಲ್ಲಿ ಇಟ್ಟಿದ್ದೇವೆ. ದೊಡ್ಡವರು ಶಾಲೆ ಬಿಡುತ್ತಾರೆ ಎಂಬುದು ಒಂದು ಕಡತ; ಚಿಕ್ಕವರಿಗೆ ಓದು ಬಾರದು ಎಂಬುದು ಇನ್ನೊಂದು. ಹಳ್ಳಿಯಲ್ಲಿ ಅವೆರಡೂ ಒಂದೇ ಸೂರಿನ ಕೆಳಗೆ, ಒಂದೇ ಕಂಬಳಿಯಲ್ಲಿ ಮಲಗಿರುತ್ತವೆ. ಚಿಕ್ಕವರನ್ನು ನೋಡಿಕೊಳ್ಳುವುದಕ್ಕಾಗಿ ಅಕ್ಕ ಶಾಲೆ ಬಿಡುತ್ತಾಳೆ. ಅಕ್ಕ ಶಾಲೆ ಬಿಟ್ಟುದರಿಂದ ಮನೆಯಲ್ಲಿ ಓದಬಲ್ಲವರು ಯಾರೂ ಉಳಿಯದೆ ಚಿಕ್ಕವರ ಓದು ಕುಂಟುತ್ತದೆ. ಈ ಗಂಟನ್ನು ಬಿಡಿಸಲು ನಮಗೆ ತೋರುವ ದಾರಿ ಒಂದುಂಟು. ಆ ಅಕ್ಕನ ಓದಿಗೆ ನೆರವು ಕೊಟ್ಟು ಅವಳನ್ನು ಶಾಲೆಯಲ್ಲಿ ಉಳಿಸಿಕೊಳ್ಳಬೇಕು. ಅವಳು ದಿನಕ್ಕೊಂದು ಗಂಟೆ ಐದಾರು ಮಂದಿ ಚಿಕ್ಕವರನ್ನು ಕೂಡಿಸಿಕೊಂಡು ಓದಿಸಬೇಕು.

ಇದು ಹೊಸ ಉಪಾಯವಲ್ಲ. ನಮ್ಮ ಹಳೆಯ ಕೂಲಿಮಠಗಳಲ್ಲಿ ಮರಳಿನ ಮೇಲೆ ಬೆರಳಿನಿಂದ ತಿದ್ದುವ ಚಿಕ್ಕವರ ಪಕ್ಕದಲ್ಲಿ ಕುಳಿತು ಕೈಹಿಡಿದು ಬರೆಸುತ್ತಿದ್ದವರು ದೊಡ್ಡ ಹುಡುಗರು. ಅಯ್ಯನವರು ಬೆತ್ತದೊಂದಿಗೆ ಮೇಲ್ವಿಚಾರಣೆ ಮಾತ್ರ ಮಾಡುತ್ತಿದ್ದರು. 1823ರಲ್ಲಿ ಬಳ್ಳಾರಿಯ ಕಲೆಕ್ಟರಾಗಿದ್ದ ಕ್ಯಾಂಪ್‌ಬೆಲ್ ಎಂಬವರು ತಮ್ಮ ಜಿಲ್ಲೆಯ ಶಾಲೆಗಳನ್ನು ಎಣಿಸಿ ಮದರಾಸಿನ ಸರ್ಕಾರಕ್ಕೆ ವರದಿ ಕಳುಹಿಸಿದರು. ಆಗ ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದುವು, 6,641 ಮಂದಿ ಓದುತ್ತಿದ್ದರು. ದೊಡ್ಡವರು ಚಿಕ್ಕವರಿಗೆ ಕಲಿಸುತ್ತ ತಮ್ಮ ವಿದ್ಯೆಯನ್ನೂ ಗಟ್ಟಿಮಾಡಿಕೊಳ್ಳುವ ಇಲ್ಲಿಯ ಕ್ರಮವು ಮೆಚ್ಚತಕ್ಕದ್ದೆಂದೂ, ಇಂಗ್ಲೆಂಡು ಅದನ್ನು ಅನುಕರಿಸಿದ್ದು ಯುಕ್ತವೆಂದೂ ಆತನು ಬರೆದನು. ಮಕ್ಕಳು ಅರ್ಥ ತಿಳಿಯದೆ ಬಾಯಿಪಾಠ ಮಾಡುವರು ಎಂಬ ಆಕ್ಷೇಪಣೆಯನ್ನೂ ಅದೇ ವರದಿಯಲ್ಲಿ ಸೇರಿಸಿದನು. ಹಳೆಯದನ್ನು ಹೊಗಳುವವರು ಈ ಎರಡನೆಯ ಮಾತನ್ನು ಬಿಟ್ಟುಬಿಡುವುದುಂಟು. ಇನ್ನೊಂದನ್ನೂ ಬಿಡುವುದುಂಟು: ಆ 6,641 ಮಂದಿಯಲ್ಲಿ ಹುಡುಗಿಯರು 60.

ಇಂಗ್ಲೆಂಡು ಅನುಕರಿಸಿತು ಎಂದೆವಷ್ಟೆ. ಆ ಕಥೆ ನಮಗೆ ಬೇಕಾದದ್ದು. ಮದರಾಸಿನ ಎಗ್ಮೂರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆಯನ್ನು ನಡೆಸುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು, ನಮ್ಮ ಜಗುಲಿಯ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ನೋಡಿ, ತನ್ನ ಶಾಲೆಯಲ್ಲಿಯೂ ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸಿ, ಊರಿಗೆ ಹಿಂದಿರುಗಿ 1797ರಲ್ಲಿ ಆ ವಿಷಯವಾಗಿ ಪುಸ್ತಕ ಪ್ರಕಟಿಸಿದನು. ಲಂಡನ್ನಿನಲ್ಲಿ ಲ್ಯಾಂಕಾಸ್ಟರ್ ಎಂಬಾತನು ತಾನೂ ಇಂತಹದೇ ಕ್ರಮವನ್ನು ನಡೆಸಿದನು. ಒಬ್ಬ ಉಪಾಧ್ಯಾಯನಿಂದ ನೂರಾರು ಮಕ್ಕಳು! ಬಡವರ ವಿದ್ಯೆಗೆ ಹೆಚ್ಚು ಹಣ ಕೊಡಲು ಇಷ್ಟವಿಲ್ಲದವರಿಗೆ ಇದಕ್ಕಿಂತ ಪ್ರಿಯವಾದ ಸುದ್ದಿ ಯಾವುದಿದ್ದೀತು? ಕೆಲವು ದಶಕಗಳಲ್ಲಿ ಅದರ ಬಂಡವಾಳ ಹೊರಬಿದ್ದಿತು. ತಾನೇ ಅರೆಬರೆ ಕಲಿತ ಹುಡುಗನು ತನ್ನ ಪಾಠವನ್ನು ಬಿಟ್ಟು ಇತರರಿಗೆ ಹೇಳುತ್ತಿದ್ದನು. ಅವನಿಗೆ ಹೇಳುವವರು ಇರಲಿಲ್ಲ.

ಆ ಅನುಭವದಿಂದ ಅವರು 1846ರಲ್ಲಿ ಒಂದು ಮಾರ್ಪಾಡು ಮಾಡಿದರು. ಹದಿಮೂರು ತುಂಬಿದ ಹುಡುಗರನ್ನೂ ಹುಡುಗಿಯರನ್ನೂ ಐದು ವರ್ಷಗಳ ಒಪ್ಪಂದದ ಮೇಲೆ ಶಾಲೆಗೆ ಸೇರಿಸಿ, ಸರ್ಕಾರದಿಂದಲೇ ವರ್ಷಕ್ಕೆ ಹತ್ತು ಪೌಂಡುಗಳಿಂದ ಮೊದಲಾಗಿ ಇಪ್ಪತ್ತು ಪೌಂಡುಗಳವರೆಗೆ ವೇತನ ಕೊಡಿಸಿದರು. ಮುಖ್ಯೋಪಾಧ್ಯಾಯನು ದಿನವೂ ಒಂದೂವರೆ ಗಂಟೆ ಅವರಿಗೆ ಪ್ರತ್ಯೇಕವಾಗಿ ಪಾಠ ಹೇಳತಕ್ಕದ್ದೆಂದು ಕಟ್ಟು ಮಾಡಿದರು. ಎರಡು ಏರ್ಪಾಡುಗಳಲ್ಲಿಯೂ ದೊಡ್ಡ ಮಗುವು ಚಿಕ್ಕ ಮಗುವಿಗೆ ಪಾಠ ಹೇಳುತ್ತದೆ; ಹೊರಗಿನಿಂದ ನೋಡಿದರೆ ಭೇದವಿಲ್ಲ. ಮೊದಲನೆಯದರಲ್ಲಿ ದೊಡ್ಡ ಮಗು ಅಗ್ಗದ ಆಳು. ಎರಡನೆಯದರಲ್ಲಿ ಅದಕ್ಕೂ ಓದಿನ ಹಕ್ಕು ಇದೆ, ಅದರ ದುಡಿಮೆಗೆ ಬೆಲೆ ಇದೆ, ಅದಕ್ಕೆ ಕಲಿಸುವವರು ಒಬ್ಬರಿದ್ದಾರೆ. ನಾವು ಈ ದಿನ ಒತ್ತಿ ಹೇಳಬೇಕೆಂದಿರುವ ಮಾತು ಇದೊಂದೇ: ಅಕ್ಕನಿಂದ ಪಾಠ ಹೇಳಿಸುವುದಾದರೆ ಮೊದಲು ಅಕ್ಕನ ಪಾಠ ನಡೆಯಬೇಕು.

ನಮ್ಮ ಕಾಲಕ್ಕೆ ಹತ್ತಿರದ ನಿದರ್ಶನ ಬೇಕಾದರೆ ಮೆಕ್ಸಿಕೋ ದೇಶದ ಕಡೆಗೆ ನೋಡಬಹುದು. ಅಲ್ಲಿ 1971ರಲ್ಲಿ ಕೊನಾಫೆ ಎಂಬ ಸರ್ಕಾರದ ಸಂಸ್ಥೆಯು ಹುಟ್ಟಿತು. ಗುಡ್ಡಗಾಡಿನ ಚಿಕ್ಕಚಿಕ್ಕ ಹಳ್ಳಿಗಳಿಗೆ ಉಪಾಧ್ಯಾಯರು ಹೋಗಲೊಲ್ಲರು. ಅದಕ್ಕಾಗಿ ಈ ಸಂಸ್ಥೆಯು ಆಗತಾನೆ ಶಾಲೆ ಮುಗಿಸಿದ ಹಳ್ಳಿಯ ತರುಣತರುಣಿಯರನ್ನು ಆರಿಸಿ, ಕೆಲವು ಕಾಲ ತರಬೇತು ಕೊಟ್ಟು, ಒಂದೆರಡು ವರ್ಷ ಅಂತಹ ಹಳ್ಳಿಗಳಲ್ಲಿ ಪಾಠ ಹೇಳಲು ಕಳುಹಿಸುತ್ತದೆ. ಊಟ ವಸತಿಗಳನ್ನು ಊರವರು ನೋಡಿಕೊಳ್ಳುವರು. ಸೇವೆ ಮುಗಿದ ಮೇಲೆ ಆ ತರುಣರು ತಮ್ಮ ಓದನ್ನು ಮುಂದುವರಿಸಲು ಹಲವು ತಿಂಗಳುಗಳ ಕಾಲ ವಿದ್ಯಾರ್ಥಿವೇತನ ಪಡೆಯುವರು. ಇದರಲ್ಲಿ ಒಂದು ಕೊರತೆಯನ್ನೂ ಅಲ್ಲಿಯವರು ಎತ್ತಿ ತೋರಿಸಿದ್ದಾರೆ: ಅತ್ಯಂತ ಬಡ ಹಳ್ಳಿಗೆ ಅತ್ಯಂತ ಅನನುಭವಿಯಾದ ಗುರು ದೊರೆತಂತಾಯಿತಲ್ಲವೆ ಎಂದು. ಆ ಆಕ್ಷೇಪಣೆ ನ್ಯಾಯವಾದದ್ದು. ಆದುದರಿಂದಲೇ ನಾವು ಅಕ್ಕನನ್ನು ಉಪಾಧ್ಯಾಯರ ಸ್ಥಾನದಲ್ಲಿ ಕೂರಿಸುವ ಮಾತನ್ನು ಆಡುತ್ತಿಲ್ಲ. ಶಾಲೆಯ ಪಾಠವನ್ನು ಉಪಾಧ್ಯಾಯರೇ ಹೇಳಬೇಕು. ಶಾಲೆ ಬಿಟ್ಟ ಮೇಲಿನ ಗಂಟೆಯ ಅಭ್ಯಾಸ ಅಕ್ಕನದು.

ಇಲ್ಲಿ ಕೆಲವರು ಕೇಳಬಹುದು: ಅವಳಿಗೇ ಸರಿಯಾಗಿ ಓದಲು ಬಾರದಿದ್ದರೆ? ಕೇಳತಕ್ಕ ಪ್ರಶ್ನೆಯೇ. ಎಂಟನೆಯ ತರಗತಿಗೆ ಬಂದಿದ್ದರೂ ಒತ್ತಕ್ಷರ ಬಂದ ಕಡೆ ಎಡವುವ ಮಕ್ಕಳು ಅನೇಕರಿದ್ದಾರೆ. ಹತ್ತನೆಯ ತರಗತಿಯ ವಿಜ್ಞಾನವಾಗಲಿ ಸಮಾಜವಾಗಲಿ ಅವರಿಗೆ ಕಷ್ಟವಾಗುವುದು ವಿಷಯ ಕಠಿನವಾದುದರಿಂದ ಮಾತ್ರವಲ್ಲ. ಪುಟವನ್ನು ಓಡಿಸಿಕೊಂಡು ಓದಲು ಬಾರದುದರಿಂದ. ಆ ವಯಸ್ಸಿನವಳಿಗೆ ಒಂದನೆಯ ತರಗತಿಯ ಪುಸ್ತಕವನ್ನು ಕೊಟ್ಟು 'ಓದಮ್ಮ' ಎಂದರೆ ಅವಳು ನಾಚಿಕೆಯಿಂದ ಎದ್ದುಹೋಗುವಳು. ಅದೇ ಪುಸ್ತಕವನ್ನು ಕೊಟ್ಟು 'ನಿನ್ನ ತಮ್ಮನಿಗೆ ಓದಿ ಹೇಳು' ಎಂದರೆ? ಅವಳು ಮಾನವನ್ನು ಕಳೆದುಕೊಳ್ಳದೆ ತಾನು ಬಿಟ್ಟುಬಂದಿದ್ದ ಮೆಟ್ಟಿಲಿಗೆ ಇಳಿದು, ಅಲ್ಲಿಂದ ಮತ್ತೆ ಹತ್ತಬಹುದು. ರಾತ್ರಿ ಒಮ್ಮೆ ತಾನೇ ಓದಿಕೊಂಡು, ಮರುದಿನ ಚಿಕ್ಕವರಿಗೆ ಎರಡು ಸಲ ಓದಿ, ಅವರು ಕೇಳಿದರೆಂದು ಮೂರನೆಯ ಸಲವೂ ಓದುವಳು. ಚಿಕ್ಕ ಮಕ್ಕಳು ಒಂದೇ ಕಥೆಯನ್ನು ಹತ್ತು ಸಲ ಕೇಳುವ ಹಟಮಾರಿಗಳು. ಈ ಹಟವು ಅಕ್ಕನಿಗೆ ಬೇಕಾದ ಔಷಧ. ಅಮೆರಿಕದ ಮೂವರು ವಿದ್ವಾಂಸರು ಇಂತಹ 65 ಏರ್ಪಾಡುಗಳ ಫಲವನ್ನು ಒಟ್ಟುಗೂಡಿಸಿ 1982ರಲ್ಲಿ ಪ್ರಕಟಿಸಿದಾಗ, ಕಲಿತವರಷ್ಟೇ ಅಲ್ಲದೆ ಕಲಿಸಿದ ಮಕ್ಕಳೂ ಆ ವಿಷಯದಲ್ಲಿ ಮುಂದುವರಿದರೆಂದು ಕಂಡುಬಂದಿತು. ನಮ್ಮ ಮಠದ ಅಯ್ಯನವರು ಇದನ್ನು ಕೇಳಿದ್ದರೆ ಇದಕ್ಕೆ ಇಷ್ಟು ಲೆಕ್ಕಾಚಾರ ಬೇಕಿತ್ತೆ ಎನ್ನುತ್ತಿದ್ದರೋ ಏನೋ.

ಏರ್ಪಾಡು ಎಂತಹದಾಗಿರಬೇಕೆಂಬುದನ್ನು ವಿವರವಾಗಿಯೇ ಹೇಳುವುದು ಒಳ್ಳೆಯದು, ಏಕೆಂದರೆ ಇಂತಹ ಕಾರ್ಯಗಳು ಕೆಡುವುದು ವಿವರಗಳಲ್ಲಿಯೇ. ಮೊದಲನೆಯದಾಗಿ ಸ್ಥಳ. ಹುಡುಗಿಯರು ಕತ್ತಲಾದ ಮೇಲೆ ಮನೆಯಿಂದ ದೂರ ಹೋಗುವುದನ್ನು ತಂದೆತಾಯಿಗಳು ಒಪ್ಪುವುದಿಲ್ಲ. ಅವರ ಮಾತು ಸರಿ. ಸಾಯಂಕಾಲದ ಬೆಳಕಿರುವಾಗಲೇ ಮುಗಿಯಬೇಕು, ಓಣಿಯೊಳಗೇ ಆಗಬೇಕು. ಹತ್ತಿರದಲ್ಲಿದ್ದರೆ ಗ್ರಾಮ ಪಂಚಾಯತಿಯ ಗ್ರಂಥಾಲಯವೇ ಯೋಗ್ಯವಾದ ಸ್ಥಳ. 2020ರಲ್ಲಿ ರಾಜ್ಯ ಸರ್ಕಾರವು 'ಓದುವ ಬೆಳಕು' ಎಂಬ ಕಾರ್ಯಕ್ರಮವನ್ನಾರಂಭಿಸಿ, ಆರರಿಂದ ಹದಿನೆಂಟು ವರ್ಷದ ಮಕ್ಕಳನ್ನು ಈ ಗ್ರಂಥಾಲಯಗಳಿಗೆ ಶುಲ್ಕವಿಲ್ಲದೆ ಸದಸ್ಯರನ್ನಾಗಿ ಮಾಡಿಕೊಳ್ಳಲು ಏರ್ಪಾಡು ಮಾಡಿತು. ಆರಕ್ಕೂ ಹದಿನೆಂಟಕ್ಕೂ ಒಂದೇ ಬಾಗಿಲು! ಆ ಬಾಗಿಲಿನಿಂದ ಇಬ್ಬರೂ ಕೈಹಿಡಿದುಕೊಂಡು ಬರಲಿ ಎಂಬುದಷ್ಟೇ ನಮ್ಮ ಬಿನ್ನಹ.

ಎರಡನೆಯದು ಕೂಸಿನ ಪ್ರಶ್ನೆ. ಕಂಕುಳಲ್ಲಿ ವರ್ಷದ ಕೂಸನ್ನು ಇಟ್ಟುಕೊಂಡು ಯಾರೂ ಓದಲಾರರು, ಓದಿಸಲಾರರು. 2023ರಲ್ಲಿ ಸರ್ಕಾರವು 4,000 ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವುದಾಗಿ ಸಾರಿತು. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಚಿಕ್ಕ ಕೂಸುಗಳನ್ನು ಹಗಲಲ್ಲಿ ನೋಡಿಕೊಳ್ಳುವ ಮನೆಗಳು ಇವು. ಇದನ್ನು ತಾಯಂದಿರ ಅನುಕೂಲವೆಂದು ಎಲ್ಲರೂ ವರ್ಣಿಸುತ್ತಾರೆ. ನಮ್ಮ ಎಣಿಕೆಯಲ್ಲಿ ಇದು ಅಕ್ಕಂದಿರ ವಿದ್ಯಾಸಂಸ್ಥೆ. ಒಂದು ಕೂಸಿನ ಮನೆ ಸರಿಯಾಗಿ ನಡೆದರೆ ಆ ಊರಿನ ಎಂಟನೆಯ ತರಗತಿಯ ಹಾಜರಿಪುಸ್ತಕವನ್ನು ತೆಗೆದು ನೋಡಬೇಕು. ಫಲ ಅಲ್ಲಿ ಕಾಣುತ್ತದೆ. ಹಾಗೆಯೇ 2023ರ ಜೂನಿನಲ್ಲಿ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತುದರಿಂದ ದೂರದ ಹೈಸ್ಕೂಲಿಗೆ ಹೋಗುವ ಹುಡುಗಿಯ ಟಿಕೆಟ್ಟಿನ ಖರ್ಚು ತಪ್ಪಿತು. ಶಾಲೆಯ ವೇಳೆಗೆ ಸರಿಯಾಗಿ ಬಸ್ಸು ಬಾರದ ಊರಿನಲ್ಲಿ ಮಾತ್ರ ಟಿಕೆಟ್ಟು ಉಚಿತವಾದರೇನು, ಆಗದಿದ್ದರೇನು?

ಮೂರನೆಯದು ಪುಸ್ತಕ. ಈ ವಿಷಯದಲ್ಲಿ ಪಟ್ಟಣದ ನಮ್ಮ ಉದಾರ ಮಿತ್ರರಿಗೆ ಸ್ವಲ್ಪ ಕಟುವಾಗಿ ಹೇಳಬೇಕಾಗಿದೆ. ವರ್ಷಕ್ಕೊಮ್ಮೆ ಹಳ್ಳಿಗೆ ಹೋಗಿ, ನೋಟುಪುಸ್ತಕ ಹಂಚಿ, ಛಾಯಾಚಿತ್ರ ತೆಗೆಸಿಕೊಂಡು ಬರುವುದು ವಿದ್ಯಾದಾನವಲ್ಲ. ನಮ್ಮ ಮನೆಯ ಕಪಾಟಿನಲ್ಲಿ ಬೇಡವಾದ ಹಳೆಯ ಇಂಗ್ಲಿಷ್ ಗೈಡುಗಳನ್ನು ಗಂಟುಕಟ್ಟಿ ಕಳುಹಿಸುವುದು ಅದಕ್ಕಿಂತಲೂ ಕೀಳು. ಅಲ್ಲಿ ಬೇಕಾದುವು ತೆಳ್ಳನೆಯ, ದಪ್ಪ ಅಕ್ಷರದ, ಪುಟಕ್ಕೆ ಎರಡು ಮೂರು ಸಾಲುಗಳಿರುವ ಕನ್ನಡ ಕಥೆಪುಸ್ತಕಗಳು; ಒಂದೇ ಪುಸ್ತಕದ ಆರು ಪ್ರತಿಗಳು, ಏಕೆಂದರೆ ಆರು ಮಕ್ಕಳೂ ಬೆರಳಿಟ್ಟು ಓದಬೇಕು. ಕೊಳ್ಳುವುದಕ್ಕೆ ಹೆಚ್ಚು ಹಣ ಬೇಡ. ಆರಿಸುವುದಕ್ಕೆ ಸ್ವಲ್ಪ ಮನಸ್ಸು ಬೇಕು. 1995ರಲ್ಲಿ ಹೆಗ್ಗಡದೇವನ ಕೋಟೆಯಲ್ಲಿ ಆರಂಭವಾಗಿ, 2009ರ ಸುಮಾರಿಗೆ ನಾಡಿನ ಸರ್ಕಾರಿ ಕನ್ನಡ ಶಾಲೆಗಳ ಮೊದಲ ಮೂರು ತರಗತಿಗಳಿಗೆ ಹಬ್ಬಿದ ನಲಿಕಲಿ ಪದ್ಧತಿಯಲ್ಲಿ, ಬೇರೆಬೇರೆ ವಯಸ್ಸಿನ ಮಕ್ಕಳು ಗುಂಪುಗುಂಪಾಗಿ ಕುಳಿತು ಕಾರ್ಡುಗಳ ನೆರವಿನಿಂದ ಒಬ್ಬರಿಂದೊಬ್ಬರು ಕಲಿಯುವುದುಂಟು. ಹೀಗಾಗಿ ಅಕ್ಕನ ಸುತ್ತ ಕುಳಿತುಕೊಳ್ಳುವುದು ಈ ಮಕ್ಕಳಿಗೆ ಅಪರಿಚಿತವಾದ ರೀತಿಯೇನೂ ಆಗಲಾರದು.

ಇನ್ನು ಹಣ. ವಿದ್ಯಾರ್ಥಿವೇತನವು ಹುಡುಗಿಯ ಹೆಸರಿನ ಬ್ಯಾಂಕು ಖಾತೆಗೇ ಹೋಗತಕ್ಕದ್ದು, ಅವಳು ಶಾಲೆಯಲ್ಲಿ ಮುಂದುವರಿಯುವುದೇ ಅದಕ್ಕೆ ಕರಾರು. ಪಾಠ ಹೇಳಿದ ಗಂಟೆಗಳನ್ನು ಎಣಿಸಿ ಕೊಟ್ಟರೆ ಅದು ಕೂಲಿಯಾಗುತ್ತದೆ. ಕೂಲಿಯಾದರೆ ಮನೆಯವರು ಒಂದು ಗಂಟೆಯನ್ನು ಮೂರು ಗಂಟೆ ಮಾಡಿಸುವರು, ಅವಳ ಓದು ಮತ್ತೆ ಹಿಂದೆ ಬೀಳುವುದು. ಚಿಕ್ಕವರಿಗೆ ಒಂದು ಗಂಟೆ. ಆಮೇಲೆ ಅವರನ್ನು ಮನೆಗೆ ಕಳುಹಿಸಿ, ಅದೇ ಸ್ಥಳದಲ್ಲಿ ಅದೇ ದೀಪದ ಕೆಳಗೆ ಅಕ್ಕಂದಿರಿಗೂ ಅಣ್ಣಂದಿರಿಗೂ ಅವರ ಗಣಿತ ವಿಜ್ಞಾನಗಳನ್ನು ಹೇಳಿಕೊಡಲು ಒಬ್ಬ ಪದವೀಧರರು ಬರಬೇಕು. ಅವರಿಗೂ ಗೌರವಧನ ಸಲ್ಲಬೇಕು. ಇದಕ್ಕೆ ಹಣ ಎಲ್ಲಿಂದ ಎಂದರೆ, ದೂರ ಹುಡುಕಬೇಕಾಗಿಲ್ಲ. ವಾಡಿ, ಮಳಖೇಡ, ಸೇಡಂಗಳ ಸುತ್ತ ಸುಣ್ಣಕಲ್ಲನ್ನು ಅಗೆದು ಸಿಮೆಂಟು ಮಾಡುವ ದೊಡ್ಡ ಕಾರ್ಖಾನೆಗಳಿವೆ. 2013ರ ಕಂಪನಿ ಕಾನೂನು ಗೊತ್ತಾದ ಮಟ್ಟಕ್ಕೆ ಮೇಲ್ಪಟ್ಟ ಕಂಪನಿಗಳು ತಮ್ಮ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜದ ಹಿತಕ್ಕೆ ವಿನಿಯೋಗಿಸಬೇಕೆಂದು ವಿಧಿಸಿದೆ. ವಿದ್ಯಾಭ್ಯಾಸವು ಅದರಲ್ಲಿ ಸೇರಿದೆ. ಆ ಹಣದಿಂದ ಕಟ್ಟಡಗಳು ಏಳುತ್ತವೆ, ಕಮಾನುಗಳ ಮೇಲೆ ಹೆಸರುಗಳು ಬರುತ್ತವೆ. ಹುಡುಗಿಯೊಬ್ಬಳು ಒಂಬತ್ತನೆಯ ತರಗತಿಗೆ ಹೋದಳೆಂಬುದರ ಮೇಲೆ ಹೆಸರು ಕೆತ್ತಿಸಲು ಬರುವುದಿಲ್ಲವಾದುದರಿಂದ, ಕೇಳುವವರು ಕೇಳಿದರೆ ಮಾತ್ರ ಅದಕ್ಕೆ ಹಣ ಬಂದೀತು.

ಗುಳೆ ಹೋಗುವ ಸಂಸಾರಗಳ ಮಕ್ಕಳಿಗೆ ಈ ಏರ್ಪಾಡು ಸಾಲದು. ತಂದೆತಾಯಿಗಳು ಪುಣೆಗೆ ಹೊರಟಾಗ ಅಕ್ಕನೂ ತಮ್ಮನೂ ಜೊತೆಯಲ್ಲಿ ಹೊರಟುಬಿಡುವರು. ಊರಿನಲ್ಲಿ ಮುತ್ಯಾ ಆಯಿಯರ ಬಳಿ ಬಿಟ್ಟುಹೋಗುವ ಮನಸ್ಸು ಅವರಿಗೆ ಬರಬೇಕಾದರೆ ಹಾಸ್ಟೆಲ್ಲಿನಲ್ಲೋ ಮನೆಯಲ್ಲೋ ಆ ಮಕ್ಕಳ ಊಟಕ್ಕೆ ಭರವಸೆ ಬೇಕು. ಹಿಂದುಳಿದ ತಾಲ್ಲೂಕುಗಳ ಹೆಣ್ಣುಮಕ್ಕಳಿಗಾಗಿ 2004ರಲ್ಲಿ ಆರಂಭವಾದ ಕಸ್ತೂರಬಾ ಗಾಂಧಿ ವಸತಿ ಶಾಲೆಗಳು ದೊಡ್ಡವಳಿಗೆ ಆಶ್ರಯವಾದಾವು. ಚಿಕ್ಕವನಿಗೆ ಅಲ್ಲಿ ಸ್ಥಳವಿಲ್ಲ. ಅಕ್ಕ ತಮ್ಮಂದಿರನ್ನು ಒಟ್ಟಿಗೆ ಇರಿಸುವ ಋತುಮಾನದ ವಸತಿಗಳನ್ನು ತಾಂಡಾಗಳ ಹತ್ತಿರದಲ್ಲಿಯೇ ನಡೆಸಿ ನೋಡಬೇಕು. ಇದು ಖರ್ಚಿನ ಕೆಲಸ. ಕೆಲವೇ ತಿಂಗಳುಗಳ ಕೆಲಸವೂ ಹೌದು.

ಕಾಲದ ವಿಷಯವಾಗಿ ಒಂದು ಮಾತು ಉಳಿಯಿತು. ಪಟ್ಟಣದ ಸಂಘಗಳು ತಮ್ಮ ನೆರವನ್ನು ಸಾಮಾನ್ಯವಾಗಿ ಜೂನಿನಲ್ಲಿ, ಶಾಲೆ ತೆರೆಯುವಾಗ ಕೊಡುತ್ತವೆ. ಜೂನಿನಲ್ಲಿ ಎಲ್ಲ ಮಕ್ಕಳೂ ಶಾಲೆಯಲ್ಲಿ ಇರುತ್ತಾರೆ. ತೊಗರಿ ಹಳದಿ ಹೂವನ್ನು ಬಿಟ್ಟು ಕಾಯಿ ಕಟ್ಟುವ ನವೆಂಬರಿನಲ್ಲಿ ಯಾರಾದರೂ ಸೇಡಂ ಚಿಂಚೋಳಿಗಳ ಕಡೆಗೆ ಹೋಗಿ, ಮನೆಯ ಹಿರಿಯರೊಡನೆ ಕುಳಿತು, ಕೊಯ್ಲಿನ ಎರಡು ತಿಂಗಳು ಈ ಹುಡುಗಿಯ ಕೈಯಿಂದ ಬರಬೇಕಾದ ಕೂಲಿ ಎಷ್ಟೆಂದು ಕೇಳಿ, ಅದಕ್ಕೆ ಸರಿದೂಗುವಷ್ಟು ವೇತನವನ್ನು ಅವಳ ಖಾತೆಗೆ ಹಾಕುವ ಮಾತನ್ನು ಆಗಲೇ ಗೊತ್ತುಮಾಡಿಕೊಂಡು ಬರಬೇಕು. ರಾಶಿ ಆರಂಭವಾದ ಮೇಲೆ ಹೋದರೆ ಮನೆಯಲ್ಲಿ ಮಾತನಾಡಲು ಯಾರೂ ಸಿಕ್ಕುವುದಿಲ್ಲ; ಅವಳೂ ಹೊಲದಲ್ಲಿರುವಳು.